ತೌಡಿನ ಉಗ್ಗಪ್ಪ

ಗಿರಣಿಯಿಂದ ತಂದ ತೌಡನ್ನು ಹಂದಿಗಳಿಗೆ ಕಲಸುವ ಮೊದಲು ಉಗ್ಗಪ್ಪ ಒಂದು ಚಿಟಿಕೆಯನ್ನು ತನ್ನ ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಮುಗ್ಗಿದೆಯೋ ಕಹಿಯಾಗಿದೆಯೋ ಎಂದು ಪರೀಕ್ಷಿಸುತ್ತಿದ್ದ. ದೇವರ ನೈವೇದ್ಯವನ್ನೂ ಅಷ್ಟು ಶ್ರದ್ಧೆಯಿಂದ ಸಿದ್ಧಪಡಿಸುವವರನ್ನು ನಾನು ಕಂಡದ್ದು ಕಡಿಮೆ. ಐವತ್ತೆರಡನೆಯ ಇಸವಿಯಲ್ಲಿ ನಾನು ಪುತ್ತಿಗೆಗೆ ಶಾಲಾಮಾಸ್ತರನಾಗಿ ಬಂದಾಗ ಅವನಿಗೆ ಐವತ್ತು ದಾಟಿತ್ತು. ಗಿರಣಿಯ ಮೇಸ್ತ್ರಿ ಕೊಟ್ಟ ಹಳೆಯ ಖಾಕಿ ಕೋಟನ್ನು ಬರಿಮೈಗೆ ತೊಟ್ಟು, ಕೈಯಲ್ಲಿ ಬಾಲ್ದಿಗಳಿಲ್ಲದಾಗಲೂ ಇರುವಂತೆಯೇ ತೋಳುಗಳನ್ನು ಮೈಯಿಂದ ದೂರವಿಟ್ಟು ನಡೆಯುತ್ತಿದ್ದ ಆ ಕೃಶಕಾಯನ ಮಾತು ಯಾವಾಗಲೂ "ನಾನು ಕಂಡದ್ದು ಹೇಳ್ತೇನೆ" ಎಂದೇ ಆರಂಭವಾಗುತ್ತಿತ್ತು. ಹಂದಿಗೆ ಮೀನು ಹಾಕಬಾರದು, ಹಾಕಿದರೆ ಮಾಂಸ ನಾರುತ್ತದೆ ಎಂಬುದು ಅವನು ಕಂಡದ್ದರಲ್ಲೆಲ್ಲ ಮುಖ್ಯವಾದದ್ದು.

ಅವನ ತಂಗಿ ಕಿನ್ನಿ ಗಂಡನನ್ನು ಕಳೆದುಕೊಂಡವಳು. ಮರಿ ಮಾರಿದ ಹಣದಿಂದ ಧನಿಗಳ ಅಂಗಳದ ಚಾಕರಿ ಬಿಡಬೇಕೆಂಬ ಒಂದೇ ಆಸೆಯಿಂದ ತನ್ನ ಗಬ್ಬದ ಹಂದಿಯನ್ನು ಅಣ್ಣನ ಗೂಡಿಗೆ ಪಾಲಿಗೆ ಬಿಟ್ಟಿದ್ದಳು. ಪಾಲಿನ ಪದ್ಧತಿಯಲ್ಲಿ ಉಳಿದ ಮರಿಗಳು ಸಾಕಿದವನಿಗೆ ಅರ್ಧ, ಕೊಟ್ಟವಳಿಗೆ ಅರ್ಧ. ಸತ್ತದ್ದಕ್ಕೆ ಯಾರೂ ಹೊಣೆಯಲ್ಲ. ಎಂಟು ಮರಿಗಳಾದವು. ತೌಡಿಗೆ ಕೊರತೆಯಿರಲಿಲ್ಲ, ಆದರೂ ತಾಯಿಯ ಹಾಲು ಬತ್ತಿತು, ಮರಿಗಳ ಹೊಟ್ಟೆ ಉಬ್ಬಿ ಬೆನ್ನು ಸಣಕಲಾಯಿತು. ಅವನು ತೌಡು ಹೆಚ್ಚಿಸಿದ. ಅವು ಇನ್ನೂ ಸೊರಗಿದವು. ಆರು ಮರಿಗಳು ಸತ್ತ ಮೇಲೆ ಶಾಲೆಯ ಜಗಲಿಗೆ ಬಂದು ಕೇಳಿದ:

"ಹೊಟ್ಟೆ ತುಂಬ ತಿನ್ತವೆ ಮಾಸ್ಟ್ರೇ. ಮತ್ತೆಂತಕ್ಕೆ ಸಾಯುವುದು?"

ನನ್ನಲ್ಲಿ ಮಂಗಳೂರಿನಿಂದ ತಂದ ಪಶುಪಾಲನೆಯ ಪುಸ್ತಕವೊಂದಿತ್ತು. ಮೈ ಬೆಳೆಯಲು ಅಮೈನೋ ಆಮ್ಲಗಳೆಂಬ ಹಲವು ಅಂಶಗಳು ಒಟ್ಟಿಗೆ ಬೇಕು, ಒಂದು ಕಡಿಮೆಯಾದರೆ ಉಳಿದವೂ ವ್ಯರ್ಥ. ತೌಡಿನಲ್ಲಿ ಲೈಸಿನ್ ಎಂಬುದು ಸಾಲದು, ಮೀನಿನಲ್ಲಿ ಧಾರಾಳ. ಮಾರುವ ಒಂದು ತಿಂಗಳು ಮೊದಲೇ ಮೀನು ನಿಲ್ಲಿಸಿದರೆ ಮಾಂಸ ನಾರುವುದಿಲ್ಲ ಎಂದು ಅದರಲ್ಲಿತ್ತು. ಅವನಿಗೆ ತಿಳಿಯಲೆಂದು ಕೇಳಿದೆ: "ಮನೆಯ ಮಾಡಿಗೆ ಹೊದಿಸುವ ಮುಳಿಹುಲ್ಲು ರಾಶಿ ಉಂಟು, ಕಟ್ಟುವ ಬಳ್ಳಿ ಕಮ್ಮಿ. ಮಾಡು ಎಲ್ಲಿವರೆಗೆ ಆಗ್ತದೆ?"

"ಬಳ್ಳಿ ಮುಗಿಯುವಲ್ಲಿವರೆಗೆ," ಎಂದ. ಆಮೇಲೆ, "ಆ ಬಳ್ಳಿ ಮೀನು, ಅಲ್ವಾ?" ಎಂದು ಜಗಲಿಯಿಂದ ಇಳಿದು ಹೋದ. ಪುಸ್ತಕವನ್ನು ತೆರೆಯಲೇಬಾರದಿತ್ತೆಂದು ನನಗೆ ಸಂಕಟವಾಯಿತು.

ಮರುದಿನ ಉಳಿದೆರಡು ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೊರಟ. ನಾನೂ ಜೊತೆಗೆ ಹೋದೆ. "ಎರಡೂ ನಿನ್ನದೇ ಕಿನ್ನಿ. ಆರು ಮರಿ ಕೊಂದದ್ದು ನಾನು. ಮೀನು ಬೇಡ ಅಂತ ಹಟ ಮಾಡಿದ್ದು ನಾನೇ," ಎಂದು ತಲೆ ತಗ್ಗಿಸಿ ನಿಂತ. ಸತ್ತದ್ದಕ್ಕೆ ಯಾರೂ ಹೊಣೆಯಲ್ಲವೆಂಬ ಪಾಲಿನ ಪದ್ಧತಿಯನ್ನು ಅವನು ನೆನೆಯಲೂ ಇಲ್ಲ. ಕಿನ್ನಿ ಒಂದು ಮರಿಯ ಬೆನ್ನು ಸವರಿ, "ಮರಿ ಕೊಟ್ಟರೆ ಆಯ್ತಾ ಅಣ್ಣ? ಮೀನು ಯಾರು ತರುವುದು?" ಎಂದಳು.

ಅಂದಿನಿಂದ ವಾರಕ್ಕೊಮ್ಮೆ ಕುಂಬಳೆಯ ಕಡಲತೀರಕ್ಕೆ ನಡೆದು, ಒಣಮೀನಿನ ತಲೆ, ಚೂರುಗಳನ್ನು ಹೊತ್ತು ತಂದು, ಉಪ್ಪು ಹೋಗುವಂತೆ ತೊಳೆದು ಅವಳ ಗೂಡಿಗೆ ಹಾಕಿದ. ಎರಡರಲ್ಲಿ ಒಂದು ಮರಿ ಸತ್ತಿತು. ಇನ್ನೊಂದು ಬೆಳೆದು ಮರಿಯಿಟ್ಟ ವರ್ಷ ಕಿನ್ನಿ ಧನಿಗಳ ಅಂಗಳಕ್ಕೆ ಹೋಗುವುದನ್ನು ಬಿಟ್ಟಳು. ಉಗ್ಗಪ್ಪ ಮಾತ್ರ ಹಂದಿ ಸಾಕುವ ಮನೆಯೆಲ್ಲೇ ಇರಲಿ, ಅಂಗಳದಲ್ಲಿ ನಿಂತು, "ನಾನು ಆರು ಮರಿ ಕೊಂದವ, ಕೇಳಿ" ಎಂದೇ ಮಾತು ತೊಡಗುತ್ತಿದ್ದ.

ಓದಿದ ನಾವು ನಮ್ಮ ತಪ್ಪುಗಳಿಗೆ ಅನುಭವವೆಂದು ಹೆಸರಿಟ್ಟು ಅದರಿಂದಲೂ ಗೌರವ ಪಡೆಯುತ್ತೇವೆ. ಉಗ್ಗಪ್ಪನಂಥವರು ತಪ್ಪನ್ನು ತಪ್ಪೆಂದೇ ಕರೆದು, ಬೇರೆಯವರ ಗೂಡಿನ ಮರಿಯಾದರೂ ಬದುಕಲಿ ಎಂದು ಅದನ್ನು ಮನೆಮನೆಗೆ ಒಯ್ಯುತ್ತಾರೆ. ಅಂಥವರ ಬಾಯಲ್ಲಿ ಮಾಸ್ಟ್ರೇ ಎಂದು ಕರೆಸಿಕೊಳ್ಳುವಾಗ ನನಗೆ ನಾಚಿಕೆಯಾಗುತ್ತಿತ್ತು.