ಸಾಯದ ವೆಲ್ಡರ್ ಜಾಫರ

ಎಂಬತ್ತು ಪರ್ಸೆಂಟ್ ರಿಯಾಯಿತಿ ಇದೆಯೆಂದು ಹನ್ನೆರಡು ಪುಸ್ತಕ ಕೊಂಡೆವು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪುಸ್ತಕವೆಂದರೆ ಕಾಗದದ್ದಲ್ಲ, ಮೊಬೈಲಿನಲ್ಲಿ ಓದುವ ಪಿಡಿಎಫ್. ಕಥೆಯೊಳಗೆ ನಾವೇ ಒಂದು ಪಾತ್ರವಾಗಿ, ಕೂತಲ್ಲೇ ಮಾತಿನಲ್ಲಿ ಆಡುವ ಆಟದ ನಿಯಮಗಳು ಅವು. ಆ ಆಟದಲ್ಲಿ ಸೂರ್ಯ ಆರಿಹೋಗಿದ್ದಾನೆ. ಮನುಷ್ಯರು ತುಕ್ಕು ಹಿಡಿದ ಹಡಗುಗಳಲ್ಲಿ ನಕ್ಷತ್ರಗಳ ನಡುವೆ ಅಲೆಯುತ್ತಾರೆ, ಉಸಿರಾಡುವ ಗಾಳಿಗೂ ರೇಷನ್. ಯಾರೂ ಹೆಚ್ಚು ದಿನ ಬದುಕುವುದಿಲ್ಲ.

ಆಡುವವರು ನಾವಿಬ್ಬರೇ, ನಾನು ಮತ್ತು ಸುಫಿಯಾನ. ಭಾಲ್ಕಿಯಲ್ಲಿ ಬಿ.ಎಸ್ಸಿ. ಓದುವಾಗಿನ ಗೆಳೆಯ. ನಾನೀಗ ಅಲ್ಲೇ ಒಂದು ಆನ್‌ಲೈನ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುತ್ತೇನೆ. ಅವನು ಔರಾದಿನವನು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ತಾಯಿ ಮರಿಯಮಬೀಯವರ ಜೊತೆ ಬೀದರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ಗುರುವಾರ ನನಗೆ ರಜೆ. ಬೆಳಗಿನ ಬಸ್ಸು ಹಿಡಿದು ಹೋಗಿ, ಅವನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ನಾಲ್ಕು ತಾಸು ಕಥೆ ಹೇಳುತ್ತ ಆಟ ನಡೆಸುತ್ತೇನೆ.

ಅವನ ಪಾತ್ರ ವೆಲ್ಡರ್ ಜಾಫರ. ಗಂಡಾಂತರ ಬಂದಾಗಲೆಲ್ಲ ಹತ್ತು ಮುಖದ ದಾಳ ಉರುಳಿಸಬೇಕು. ನಾಲ್ಕಕ್ಕಿಂತ ಕಡಿಮೆ ಬಿದ್ದರೆ ಸಾವು. ಬೀದರಿನಲ್ಲಿ ಅಂಥ ದಾಳ ಯಾರು ಮಾರುತ್ತಾರೆ? ಒಂದರಿಂದ ಹತ್ತರವರೆಗೆ ಬರೆದ ಚೀಟಿಗಳನ್ನು ಗುಳಿಗೆ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಅವನ ಒಂದು ಕೈಗೆ ಸೂಜಿ, ಇನ್ನೊಂದಕ್ಕೆ ಬಿಪಿ ಪಟ್ಟಿ. ಆ ನೆಪದಲ್ಲಿ ಚೀಟಿ ಎತ್ತುವವಳು ನಾನೇ ಆದೆ. ಎರಡು ಬಂದರೆ ಒಂಬತ್ತು ಎಂದು ಓದಿ ವಾಪಸ್ ಹಾಕುತ್ತಿದ್ದೆ. ಹೌದು, ಸುಳ್ಳೇ! ಅವನ ಜಾಫರ ನನ್ನ ಕೈಯಿಂದ ಸಾಯುವುದು ನನಗೆ ಬೇಕಿರಲಿಲ್ಲ.

ಇನ್ನೊಂದು ಸುಳ್ಳೂ ಇತ್ತು. ಮಗನಿಗೆ ತಮ್ಮ ಕಿಡ್ನಿ ಕೊಡಲು ಮರಿಯಮಬೀ ತಪಾಸಣೆ ಮಾಡಿಸಿದ್ದರು. ಹೊಂದುವುದಿಲ್ಲವೆಂದು ರಿಪೋರ್ಟು ಬಂದು ಹದಿನೈದು ದಿನವಾಗಿತ್ತು. ಮನೆಯಲ್ಲಿ ಕೊಡುವವರು ಬೇರೆ ಯಾರೂ ಇಲ್ಲ.

“ಅವನಿಗಿ ಹೇಳಬ್ಯಾಡ ಬೇಟಿ, ಎದಿ ಒಡಕೋತಾನ,” ಎಂದು ವರಾಂಡದಲ್ಲಿ ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡಿದ್ದರು.

ಮೊದಲು ಇದ್ದ ಒಂದೇ ಒಂದು ಪುಸ್ತಕ ನನ್ನ ಬಳಿಯೇ ಇರುತ್ತಿತ್ತು. ಈಗ ಹನ್ನೆರಡೂ ಅವನ ಮೊಬೈಲಿನಲ್ಲೂ ಇದ್ದವು. ವಾರವಿಡೀ ಮಲಗಿದ್ದವನಿಗೆ ಓದದೆ ಬೇರೇನು ಕೆಲಸ? ಆ ಗುರುವಾರ ನನ್ನನ್ನು ಕೂರಲಿಕ್ಕೂ ಬಿಡಲಿಲ್ಲ.

“ಒಂಬತ್ತನೇ ಪುಸ್ತಕ ಪೂರಾ ಸಾಯೂದರ ಮ್ಯಾಲೇ ಅದ, ಓದಿದೇನು? ಜಾಫರನಂಥಾ ಮಂದಿ ಮೂರು ಆಟಕ್ಕಿಂತ ಹೆಚ್ಚು ಉಳಿಯೂದಿಲ್ಲಂತ. ನನ್ನಾಂವ ನಾಕು ತಿಂಗಳಿಂದ ಗಟ್ಟಿ ಅದಾನ!”

ಕಳ್ಳನ ಮನಸ್ಸು ಹುಳ್ಳುಳ್ಳಗೆ. “ನಿನ್ನ ನಸೀಬ ಚಲೋ ಅದ,” ಎಂದೆ.

“ನನ್ನ ನಸೀಬ?” ಅವನು ತನ್ನ ರಕ್ತ ತಿರುಗುತ್ತಿದ್ದ ಯಂತ್ರದ ಕಡೆ ನೋಡಿದ. “ಡಬ್ಬಿ ಇಲ್ಲಿ ತಾ. ಚೀಟಿ ನಾನೇ ತಗೀತೇನಿ.”

“ಸುಮ್ನ ಬಿದ್ಕೋ. ಕೈ ಅಲುಗಾಡಿಸಿದ್ರ ಸಿಸ್ಟರ್ ನನಗ ಬೈತಾರ.”

“ಉಜ್ವಲಾ, ಡಾಕ್ಟರಿಗಿ ಕೇಳಿದ್ರ ನೋಡೋಣ ಅಂತಾರ. ಅಮ್ಮಿಗಿ ಕೇಳಿದ್ರ ಇನ್‌ಶಾ ಅಲ್ಲಾ ಅಂತಾಳ. ನೀನೂ ಹಿಂಗ ಮಾಡಿದ್ರ ನಾ ಯಾರಿಗಿ ಕೇಳ್ಲಿ?”

ನನಗೆ ಸಿಟ್ಟು ಬಂತು, ನನ್ನ ಮೇಲೆಯೇ. ಅವನನ್ನು ಉಳಿಸುತ್ತಿದ್ದೇನೆ ಎಂದುಕೊಂಡವಳು ನಾಲ್ಕು ತಿಂಗಳು ಅವನನ್ನು ಒಂಟಿ ಮಾಡಿದ್ದೆ. ಜಾಫರ ಹಡಗಿನ ಹೊರಗೆ ವೆಲ್ಡಿಂಗಿಗೆ ಇಳಿದಿದ್ದಾನೆ ಎಂದು ಹೇಳಿ, ಡಬ್ಬಿ ಮುಂದೆ ಹಿಡಿದೆ. ಎರಡು ಬೆರಳಿನಿಂದ ಚೀಟಿ ಎತ್ತಿ ನನಗೇ ತೋರಿಸಿದ. ಮೂರು.

“ಹ್ಯಾಂಗ ಸತ್ತ ಅಂತ ಪೂರಾ ಹೇಳು.”

ಹೇಳಿದೆ. ಹೆಲ್ಮೆಟ್ಟು ಸೀಳಿದ್ದು, ಗಾಳಿ ಮುಗಿದದ್ದು, ಜೊತೆಯವರು ಹೆಸರು ಹಿಡಿದು ಕೂಗಿದ್ದು. ಅವನು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

“ಅಮ್ಮೀದು ಕಿಡ್ನಿ ಹೊಂದಲಿಲ್ಲಲ್ಲ?” ಎಂದ, ಕಣ್ಣು ತೆರೆಯದೆಯೇ.

ಎಷ್ಟು ಸಲ ಎರಡನ್ನು ಒಂಬತ್ತು ಎಂದ ನಾಲಿಗೆ! ಆಗ ಸುಳ್ಳಿಗೆ ಹೊರಳಲಿಲ್ಲ.

“ಇಲ್ಲೋ,” ಎಂದೆ. “ಹೊಂದಲಿಲ್ಲ.”

ಅವನು ಅಳಲಿಲ್ಲ. ಅತ್ತವಳು ನಾನು, ಪಕ್ಕದ ಮಂಚದ ಮುದುಕ ತಿರುಗಿ ನೋಡುವಷ್ಟು.

“ಮಾರಿ ಒರಸ್ಕೋ, ಅಮ್ಮಿ ಚಹಾ ತರ್ಲಾಕ ಹೋಗ್ಯಾಳ, ಈಗ ಬರ್ತಾಳ. ನನಗ ಗೊತ್ತದ ಅಂತ ಆಕಿಗಿ ಹೇಳಬ್ಯಾಡ. ತಡ್ಕೊಳ್ಳೂದಿಲ್ಲ ಆಕಿ. ಆಣಿ ಮಾಡು.”

ಮಾಡಿದೆ. ಮತ್ತೇನು ಮಾಡಲಿ?

ಮರಿಯಮಬೀ ಮೂರು ಕಪ್ಪು ಚಹಾ ಹಿಡಿದು ಬಂದರು. “ರಿಪೋರ್ಟ್ ಇನ್ನಾ ಬಂದಿಲ್ಲಂತ ಬೇಟಾ. ಮುಂದಿನ ವಾರ ಬರ್ತದಂತ,” ಎಂದು ನಕ್ಕರು.

“ಬರ್ಲಿ ಬಿಡು ಅಮ್ಮಿ,” ಅವನೂ ನಕ್ಕ. “ನನಗೇನ ಅವಸರ ಅದ?”

ಇಬ್ಬರೂ ನನ್ನ ಮುಖ ನೋಡಿದರು. ನಾನೂ ನಕ್ಕೆ.