ಒಡನಾಟದ ಅಂಕ

ಭೌತಶಾಸ್ತ್ರ ವಿಭಾಗ ಬೆಳೆಯಲೇಬೇಕು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದ ದಿನ ವಿಭಾಗದಲ್ಲಿ ನಾಲ್ಕು ಸಮಿತಿಗಳಿದ್ದವು. ಮೂರು ವರ್ಷದಲ್ಲಿ ಅವು ಹನ್ನೊಂದಾದವು. ವಿದ್ಯಾರ್ಥಿಗಳ ಸಂಖ್ಯೆ ಮಾತ್ರ ತುಸು ಇಳಿದಿತ್ತು. ಹಾಗಾಗಿ ಒಬ್ಬೊಬ್ಬ ವಿದ್ಯಾರ್ಥಿಗೆ ಎಷ್ಟು ಸಮಿತಿ ಎಂದು ಲೆಕ್ಕ ಹಾಕಿದರೆ ಬೆಳವಣಿಗೆ ಇನ್ನೂ ಕಣ್ಣು ಕೋರೈಸುವಂತೆ ಕಾಣುತ್ತಿತ್ತು. ಮುಖ್ಯಸ್ಥರು ಹಾಗೆಯೇ ಲೆಕ್ಕ ಹಾಕಿಸಿದರು.

ಹನ್ನೆರಡನೆಯದು ಒಡನಾಟ ಸಮಿತಿ. ವಿಭಾಗದ ಜನ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ ಎಂಬ ದೂರು ಅದರ ಹುಟ್ಟಿಗೆ ಕಾರಣ. ದೂರು ಕೊಟ್ಟವರು ಯಾರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಸಮಿತಿ ಎರಡನೇ ಮಹಡಿಯಲ್ಲಿ ನಾಲ್ಕು ಸೋಫಾ, ಒಂದು ಗಾಜಿನ ಮೇಜು ಹಾಕಿಸಿ 'ಒಡನಾಟ ಕೊಠಡಿ' ತೆರೆಯಿತು. 'ಎಲ್ಲರೂ ದಿನಕ್ಕೊಮ್ಮೆಯಾದರೂ ಒಡನಾಡತಕ್ಕದ್ದು' ಎಂದು ಸುತ್ತೋಲೆ ಹೊರಟಿತು.

ಸುತ್ತೋಲೆಯ ಎರಡನೇ ಪುಟ ಓದಿದಾಗ ರಿಪೇರಿ ಅಕ್ಕನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಹಾಗೇ ನಿಂತಿತು. ವಿಭಾಗದ ಆರು ಕೋಣೆಗಳಲ್ಲಿ ಒಡನಾಟವನ್ನು ಮೂರು ವಾರ ಅಳೆಯಲಾಗುವುದು. ಅತಿ ಕಡಿಮೆ ಅಂಕ ಬಂದ ಕೋಣೆಯನ್ನು ಮುಚ್ಚಿ ಅಲ್ಲಿ 'ಬೆಳವಣಿಗೆ ಕಚೇರಿ' ತೆರೆಯಲಾಗುವುದು. ಆ ಕೋಣೆಯ ಸಿಬ್ಬಂದಿ ಪರೀಕ್ಷಾ ವಿಭಾಗಕ್ಕೆ ಹೋಗಿ ಉತ್ತರಪತ್ರಿಕೆಯ ಕಟ್ಟುಗಳಿಗೆ ದಾರ ಬಿಗಿಯುವುದು.

ಅಕ್ಕ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಟ್ಟ ಉಪಕರಣಗಳನ್ನು ಸರಿಮಾಡುತ್ತಿದ್ದಳು. ಉದ್ದದ ಮೇಜು, ಬಿಚ್ಚಿಟ್ಟ ಮೀಟರುಗಳು, ಗೋಡೆಯ ಮೊಳೆಗಳಿಗೆ ತೂಗುಬಿದ್ದ ವೈರಿನ ಸುರುಳಿಗಳು, ಒಂದು ಕಾಲು ಕುಂಟುವ ಸ್ಟೂಲು. ಆ ಸ್ಟೂಲನ್ನು ನೆಟ್ಟಗೆ ನಿಲ್ಲಿಸಲು ಮೂವರು ಡಾಕ್ಟರೇಟುಗಳು ಸೂತ್ರ ಬರೆದು ಸೋತಿದ್ದರು. ಮೀಟರು ಹಿಡಿದು ಬಂದವರು ಮಾತಿಗೆ ಕೂತು, ಚಹಾ ಕುಡಿದು, ಕೊನೆಗೆ ಮೀಟರನ್ನೇ ಮರೆತು ಹೋಗುತ್ತಿದ್ದರು. ಪ್ರಬಂಧ ಮುಗಿಯದ ದುಃಖ, ಮದುವೆ ಮುರಿದ ದುಃಖ, ಲೇಖನ ತಿರಸ್ಕೃತವಾದ ದುಃಖ ಎಲ್ಲವೂ ಆ ಕೋಣೆಗೇ ಇಳಿದು ಬರುತ್ತಿದ್ದವು. ಸಂಶೋಧನೆಯ ಆರನೇ ವರ್ಷದಲ್ಲಿದ್ದು, ಅದನ್ನೇ ಅಡ್ಡಹೆಸರಾಗಿ ಪಡೆದಿದ್ದ 'ಆರನೇ ವರ್ಷ' ಎಂಬ ಹುಡುಗಿಯಂತೂ ಅಲ್ಲಿಯ ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ ಪ್ರಬಂಧದ ಅರ್ಧ ಬರೆದಿದ್ದಳು.

"ನಿಮಗ್ಯಾಕಕ್ಕಾ ಚಿಂತೆ? ಈ ಕೋಣೇನ ಯಾರು ಮುಚ್ತಾರೆ? ನಮ್ಮ ವಿಭಾಗದಲ್ಲಿ ಜನ ಕೂರೋದು ಇದೊಂದ್ರಲ್ಲೇ," ಎಂದಳು ಅವಳು.

ಅಳೆಯುವ ಕೆಲಸ ಗ್ರಾಫ್ ಮೇಷ್ಟ್ರ ತಲೆಗೆ ಬಿದ್ದಿತ್ತು. ಎರಡು ವರ್ಷದ ಹಿಂದೆ ಸೇರಿದ ಈ ತರುಣನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ; ಪರಿಶೀಲನಾ ಮಂಡಳಿ ಬಂದು ಹೋದ ಮೇಲೆ ಆಗಬೇಕಿತ್ತು. ಏನು ಕಂಡರೂ ಗ್ರಾಫ್ ಎಳೆಯುವುದು ಅವನ ಸ್ವಭಾವ. ಅಕ್ಕನ ಗಂಡನಿಗೆ ಕಣ್ಣಿನ ಆಪರೇಷನ್ ಆದಾಗ, ಹನಿ ಹಾಕುವ ವೇಳೆ ತಪ್ಪಬಾರದೆಂದು ಒಂದು ತಿಂಗಳು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ನೆನಪಿಸಿದ್ದ. ಅದಕ್ಕೂ ಒಂದು ಗ್ರಾಫ್ ಎಳೆದು ತಂದುಕೊಟ್ಟಿದ್ದ. ಅಕ್ಕ ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಕೊಂಡಿದ್ದಳು.

"ಅಕ್ಕಾ, ಆರು ಬಾಗಿಲಿಗೆ ಆರು ಗೇಟ್ ಬೇಕು. ಒಂದ್ಕಡೆ ಬೆಳಕಿನ ಕಿರಣ, ಇನ್ನೊಂದ್ಕಡೆ ಅದನ್ನ ಹಿಡಿಯೋ ಕಣ್ಣು. ಯಾರಾದ್ರೂ ದಾಟಿದ್ರೆ ಕಿರಣ ತುಂಡಾಗಬೇಕು, ಕೌಂಟರ್ ಒಂದು ಎಣಿಸಬೇಕು. ಆಗುತ್ತಾ?" ಎಂದು ಕೇಳಿದ.

"ಆಗದೇ ಏನು ಮೇಷ್ಟ್ರೇ, ನಾಲ್ಕು ದಿನ ಕೊಡಿ."

ಮನೆಯಲ್ಲಿ ವಿಷಯ ಕೇಳಿದ ಗಂಡ ನಕ್ಕುಬಿಟ್ಟ. "ಅಲ್ವೇ, ನಿನ್ನ ಕೋಣೆಗೆ ಹಾಕೋ ಬೀಗಾನ ನೀನೇ ಮಾಡಿಕೊಡ್ತಿದ್ದೀಯಲ್ಲೇ!"

"ಮಾಡೋದೇ ಆದ್ರೆ ನೆಟ್ಟಗೆ ಮಾಡಬೇಕಲ್ರೀ. ಆಮೇಲೆ ಗೇಟು ಸರಿ ಇರ್ಲಿಲ್ಲ ಅನ್ನಿಸ್ಕೊಳ್ಳೋದು ಯಾರು?"

ಗೇಟುಗಳು ಬಾಗಿಲುಗಳಿಗೆ ಏರಿದವು. ಶೌಚಾಲಯಕ್ಕೂ ಒಂದು ಬೇಕೆಂದು ಸಮಿತಿಯ ಸದಸ್ಯರೊಬ್ಬರು ಹಟ ಹಿಡಿದು, ಸೋತು, ತಮ್ಮ ಭಿನ್ನಮತವನ್ನು ದಾಖಲೆಗೆ ಸೇರಿಸಿದರು. ಮೂರು ವಾರ ಕಳೆದು ಫಲಿತಾಂಶ ಬಂತು. ಒಡನಾಟ ಕೊಠಡಿಗೆ ದಿನಕ್ಕೆ ಸರಾಸರಿ ಇನ್ನೂರ ಹನ್ನೆರಡು. ರಿಪೇರಿ ಕೋಣೆಗೆ ಇಪ್ಪತ್ತೆರಡು. ಆರರಲ್ಲಿ ಆರನೆಯದು.

ಅಕ್ಕ ತನ್ನ ಗೇಟನ್ನು ಬಿಚ್ಚಿ ನೋಡಿದಳು. ಕಿರಣ ಸರಿಯಿತ್ತು, ಕಣ್ಣು ಸರಿಯಿತ್ತು. ಪ್ರತಿಯೊಂದು ಎಣಿಕೆಯ ಹೊತ್ತನ್ನು ಗೇಟು ನೆನಪಿಟ್ಟುಕೊಳ್ಳುವಂತೆ ಅವಳೇ ಮಾಡಿದ್ದಳು. ಆ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಒರೆಸಿಕೊಂಡು ಕೂತಳು. ಮಂಗಳವಾರ ಅವಳ ಕೋಣೆಗೆ ಬಂದವರು ಹನ್ನೊಂದು ಜನ. ಹತ್ತೂ ನಲವತ್ತಕ್ಕೆ ಬಂದವರು ಹನ್ನೆರಡೂ ಕಾಲಿಗೆ ಹೋಗಿದ್ದರು. ಒಳಗೆ ಬರುವಾಗ ಒಂದು, ಹೋಗುವಾಗ ಒಂದು. ನಡುವಿನ ಒಂದೂವರೆ ಗಂಟೆಗೆ ಸೊನ್ನೆ. ಆರನೇ ವರ್ಷ ಬಾಗಿಲಿಗೆ ಒರಗಿ ಐವತ್ತು ನಿಮಿಷ ಕಿರಣವನ್ನು ಬೆನ್ನಲ್ಲಿ ತಡೆದು ನಿಂತಿದ್ದಳು. ಅದಕ್ಕೆ ಒಂದೇ ಒಂದು.

ಮೇಲಿನ ಕೊಠಡಿಯ ಪಟ್ಟಿಯಲ್ಲಿ ಎಣಿಕೆಗಳೆಲ್ಲ ಜೋಡಿಜೋಡಿ. ಒಂದಾದ ನಾಲ್ಕು ಸೆಕೆಂಡಿಗೆ ಇನ್ನೊಂದು. ಅಕ್ಕ ಮಹಡಿ ಹತ್ತಿ ಅಲ್ಲಿಯ ಕಾರಿಡಾರಿನಲ್ಲಿ ಅರ್ಧ ಗಂಟೆ ನಿಂತಳು. ಸುತ್ತೋಲೆಗೆ ಅಂಜಿ ಒಬ್ಬೊಬ್ಬರೇ ಬರುತ್ತಿದ್ದರು. ಬಾಗಿಲು ತೆಗೆದು ಒಂದು ಹೆಜ್ಜೆ ಒಳಗಿಟ್ಟು, "ಓ, ಯಾರೂ ಇಲ್ಲ," ಎಂದು ಅಲ್ಲಿಂದಲೇ ತಿರುಗುತ್ತಿದ್ದರು. ಯಾರೂ ಇಲ್ಲದ್ದರಿಂದ ಯಾರೂ ಕೂರುತ್ತಿರಲಿಲ್ಲ. ಯಾರೂ ಕೂರದಷ್ಟೂ ಅಂಕ ಏರುತ್ತಿತ್ತು.

ಪರಿಶೀಲನೆಯ ಹಿಂದಿನ ದಿನ ಮಧ್ಯಾಹ್ನ ಅವಳು ಗ್ರಾಫ್ ಮೇಷ್ಟ್ರನ್ನು ಕರೆದು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟಳು. ಅವನು ಓದಿದ. ಮುಖ ಬಿಳಿಚಿತು.

"ಅಕ್ಕಾ... ನಾಳೆ ಮಂಡಳಿಗೆ ತೋರಿಸೋ ಪೋಸ್ಟರ್ ಪ್ರಿಂಟಾಗಿದೆ."

"ಗೊತ್ತು."

"ಇದು ಮೊದಲ ವರ್ಷದ ಹುಡುಗರು ಮಾಡೋ ತಪ್ಪು. ದಾಟೋದನ್ನ ಎಣಿಸಿ ಇರೋದು ಅಂದ್ಕೊಂಡೆ. ನಾಳೆ ಅವ್ರಿಗೆ ತಿಳಿದ್ರೆ ನನ್ನ ಗತಿ ಮುಗೀತು."

"ನಾನು ನಾಳೆ ಬಾಯಿ ಬಿಡಲ್ಲ ಮೇಷ್ಟ್ರೇ. ನಿಮಗೆ ತಿಳಿದಿರ್ಲಿ ಅಂತ ತೋರಿಸ್ದೆ, ಅಷ್ಟೆ."

ಅವನು ಪಟ್ಟಿಗಳನ್ನು ಮಡಚಿಕೊಂಡು ಹೊರಟುಹೋದ ಮೇಲೆ, ಬಾಗಿಲಲ್ಲಿದ್ದ ಆರನೇ ವರ್ಷ ಉರಿದುಬಿದ್ದಳು. "ಸುಮ್ನಿರ್ತೀನಿ ಅಂತೀರಲ್ಲ, ನಿಮಗೇನು ತಲೆ ಕೆಟ್ಟಿದೆಯಾ? ಕೋಣೆ ಹೋಗುತ್ತೆ ಅಕ್ಕಾ!"

"ನಂದು ಕೋಣೆ ಕಣೇ. ಅವನದು ಅನ್ನ."

"ಪರೀಕ್ಷಾ ವಿಭಾಗದಲ್ಲಿ ಕೂತು ದಾರ ಕಟ್ತೀರಾ ಇನ್ನು?"

ಅಕ್ಕ ಮೇಜಿನ ಮೇಲಿನ ಮೀಟರುಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಇಡತೊಡಗಿದಳು. ಬೇರೆಯವರ ಕೈಗೆ ಹೋಗುವ ಸಾಮಾನು ಚೊಕ್ಕಟವಾಗಿರಲಿ ಎಂಬಂತೆ. ಅದನ್ನು ಕಂಡು ಹುಡುಗಿ ಸುಮ್ಮನೆ ಇನ್ನೊಂದು ಬಟ್ಟೆ ಎತ್ತಿಕೊಂಡು ಪಕ್ಕಕ್ಕೆ ಬಂದು ನಿಂತಳು.

ಗ್ರಾಫ್ ಮೇಷ್ಟ್ರು ಅಂದೇ ಸಂಜೆ ಮುಖ್ಯಸ್ಥರ ಬಳಿ ಹೋಗಿದ್ದ. ಮುಖ್ಯಸ್ಥರು ಸೈದ್ಧಾಂತಿಕ ಭೌತವಿಜ್ಞಾನಿ. ಹತ್ತು ಆಯಾಮಗಳ ವಿಶ್ವದ ಬಗ್ಗೆ ಬರೆಯುವವರಿಗೆ ಎರಡನೇ ಮಹಡಿಯ ಒಂದು ಕೊಠಡಿ ಏನು ಮಹಾ? "ಒಳಗೆ ಹೋದ್ರು, ಹೊರಗೆ ಬಂದ್ರು. ಅದೂ ಚಲನೆಯೇ ಅಲ್ಲವೇನಯ್ಯಾ?" ಎಂದಿದ್ದರು. "ಚಲನೆ ಇಲ್ಲದೆ ಭೌತಶಾಸ್ತ್ರ ಎಲ್ಲಿದೆ? ಹೋಗು, ಚೆನ್ನಾಗಿ ನಿದ್ದೆ ಮಾಡು."

ಮರುದಿನ ಪರಿಶೀಲನಾ ಮಂಡಳಿಯ ಮೂವರು ಬಂದರು. ಎಲ್ಲರಿಗಿಂತ ಹಿರಿಯರಾದ ಹೆಂಗಸು ಅಧ್ಯಕ್ಷೆ. ಮುಖ್ಯಸ್ಥರು ಮೊದಲು ಒಡನಾಟ ಕೊಠಡಿಗೇ ಕರೆದೊಯ್ದರು. ಗೇಟು ಕೈಕೊಟ್ಟರೆ ಇರಲೆಂದು ಅಕ್ಕನನ್ನೂ ಜೊತೆಗೆ ಸೇರಿಸಿಕೊಂಡಿದ್ದರು. ಒಟ್ಟು ಒಂಬತ್ತು ಜನ ಸಾಲಾಗಿ ಒಳಗೆ ಹೋದರು, ಯಾರೂ ಇಲ್ಲದ ಸೋಫಾಗಳನ್ನು ನೋಡಿದರು, ಸಾಲಾಗಿ ಹೊರಗೆ ಬಂದರು.

"ನೋಡಿದ್ರಾ!" ಮುಖ್ಯಸ್ಥರು ಬಾಗಿಲ ಮೇಲಿನ ಕೆಂಪು ಅಂಕಿಗಳನ್ನು ತೋರಿಸಿದರು. "ನಿಮ್ಮ ಕಣ್ಣೆದುರೇ ಹದಿನೆಂಟು ಏರಿತು!"

"ಏರಿತು," ಎಂದರು ಅಧ್ಯಕ್ಷೆ. "ಒಳಗೆ ಯಾರಿದ್ರು?"

ಮುಖ್ಯಸ್ಥರು ಗ್ರಾಫ್ ಮೇಷ್ಟ್ರ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ. ಅಕ್ಕನೂ ನೆಲವನ್ನೇ ನೋಡಿದಳು. ಕೊಟ್ಟ ಮಾತು ಬಾಯಲ್ಲಿ ಬಿಸಿಯಾಗಿ ಕೂತಿತ್ತು.

"ಯಾರೂ ಇರ್ಲಿಲ್ಲ ಮೇಡಂ," ಎಂದ ಗ್ರಾಫ್ ಮೇಷ್ಟ್ರು. "ಯಾವತ್ತೂ ಇರಲ್ಲ. ಇಣುಕಿ ವಾಪಸ್ ಹೋಗೋರನ್ನ ಎಣಿಸಿದ್ದೀನಿ. ನಿಜವಾಗ್ಲೂ ಜನ ಇರೋ ಕೋಣೆ ಕೆಳಗಿದೆ. ಅದಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟಿದ್ದೀನಿ. ತಪ್ಪು ನಂದು." ಜೇಬಿನಿಂದ ಎರಡು ಪಟ್ಟಿಗಳನ್ನು ತೆಗೆದು ಬಿಡಿಸಿದ.

ಅಕ್ಕನಿಗೆ ತಡೆಯಲಾಗಲಿಲ್ಲ. "ಅವರೊಬ್ಬರದೇ ಅಲ್ಲ ಮೇಡಂ. ಗೇಟು ಮಾಡಿದ್ದು ನಾನು. ಅಳವಡಿಸೋವಾಗ್ಲೇ ನನಗೂ ಹೊಳೀಬೇಕಿತ್ತು."

ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡರು. ಆದರೆ ಮಂಡಳಿಯವರ ಮುಖ ಆ ಬೆಳಿಗ್ಗೆ ಮೊದಲ ಬಾರಿಗೆ ಅರಳಿತ್ತು. ಎಷ್ಟೋ ವಿಭಾಗಗಳ ಏರುವ ಗ್ರಾಫುಗಳನ್ನು ನೋಡಿ ನೋಡಿ ಬೇಸತ್ತವರು ಅವರು. ಒಂದು ಒಳ್ಳೆಯ ತಪ್ಪು ಸಿಕ್ಕರೆ ಬಿಡುತ್ತಾರೆಯೇ? ಒಬ್ಬರು ಪಟ್ಟಿ ಕಸಿದುಕೊಂಡರು. ಇನ್ನೊಬ್ಬರು, ಒಳಗಿದ್ದ ಹೊತ್ತಿನಿಂದ ಗುಣಿಸಬೇಕಿತ್ತು ಎಂದರು. ಹಾಗಾದರೆ ಒಬ್ಬನೇ ಸೋಫಾದಲ್ಲಿ ಮಲಗಿದರೂ ಒಡನಾಟವಾಗುತ್ತದಲ್ಲ ಎಂದು ಅಧ್ಯಕ್ಷೆ ಹಂಗಿಸಿದರು. ವಾದಿಸುತ್ತಲೇ ಮೆಟ್ಟಿಲಿಳಿದು ರಿಪೇರಿ ಕೋಣೆಗೆ ನುಗ್ಗಿದರು. ಅಲ್ಲಿ ಆರನೇ ವರ್ಷವೂ ವಾದಕ್ಕೆ ಸೇರಿಕೊಂಡಳು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಮುಖ್ಯಸ್ಥರು ಅರವತ್ತನಾಲ್ಕು ಸ್ಲೈಡುಗಳೊಂದಿಗೆ ಸಭಾಂಗಣದಲ್ಲಿ ಒಬ್ಬರೇ ಕಾಯುತ್ತಿದ್ದರು. ಅಕ್ಕ ಅವರಿಗೂ ಒಂದು ಲೋಟ ಚಹಾ ಕೊಟ್ಟು ಬಂದಳು.

ತಿಂಗಳ ನಂತರ ವರದಿ ಬಂತು. ಮೂರನೇ ಪುಟದಲ್ಲಿ, ಅಳತೆಯಲ್ಲಿ ತಪ್ಪು ಮಾಡಿದ್ದಕ್ಕಾಗಿ ಗ್ರಾಫ್ ಮೇಷ್ಟ್ರ ಕಾಯಮಾತಿಯನ್ನು ಆರು ತಿಂಗಳು ಮುಂದಕ್ಕೆ ಹಾಕಲಾಗಿತ್ತು. ಅದೇ ಪುಟದ ಕೆಳಗೆ, ತಪ್ಪನ್ನು ತಾನೇ ಒಪ್ಪಿಕೊಂಡಿದ್ದಕ್ಕಾಗಿ ಅವನನ್ನು ಶ್ಲಾಘಿಸಲಾಗಿತ್ತು. ಬೆಳವಣಿಗೆ ಕಚೇರಿಯನ್ನು ಒಡನಾಟ ಕೊಠಡಿಯಲ್ಲೇ ತೆರೆಯಬೇಕು, ಅಲ್ಲಿ ಯಾರಿಗೂ ತೊಂದರೆಯಾಗದು ಎಂದಿತ್ತು. ರಿಪೇರಿ ಕೋಣೆ ಇದ್ದಂತೆಯೇ ಇರತಕ್ಕದ್ದು. ಹದಿಮೂರನೆಯ ಸಮಿತಿಯೊಂದು ಅದರ ಮೇಲೆ ಕಣ್ಣಿಡತಕ್ಕದ್ದು.

"ಆರು ತಿಂಗಳು ತಾನೇ," ಎಂದ ಗ್ರಾಫ್ ಮೇಷ್ಟ್ರು, ಅಕ್ಕನ ಮುಖ ನೋಡಿ ಅವಳಿಗೇ ಸಮಾಧಾನ ಹೇಳುತ್ತ. "ಇವಳು ಆರು ವರ್ಷದಿಂದ ಕಾಯ್ತಿದ್ದಾಳೆ."

"ನನ್ನ ಸುದ್ದಿಗೆ ಬರಬೇಡಿ ಮೇಷ್ಟ್ರೇ!" ಎಂದಳು ಆರನೇ ವರ್ಷ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮುಖ್ಯಸ್ಥರು. ಇಷ್ಟು ವರ್ಷಗಳಲ್ಲಿ ಅವರು ಈ ಕೋಣೆಗೆ ಬಂದದ್ದೇ ಇರಲಿಲ್ಲ. ಕಂಕುಳಲ್ಲಿ ತಮ್ಮ ಮೇಜಿನ ದೀಪವನ್ನು ಮಗುವಿನಂತೆ ಅವುಚಿಕೊಂಡಿದ್ದರು.

"ಇದು... ಆಗಾಗ ಮಿಣುಕುತ್ತೆ," ಎಂದರು. "ಪುರುಸೊತ್ತಿದ್ದಾಗ ನೋಡಿದ್ರೆ ಸಾಕು."

ಅಕ್ಕ ದೀಪವನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಅದು ಸ್ವಲ್ಪವೂ ಅಲುಗದೆ ಉರಿಯಿತು. ವೈರನ್ನು ಬಗ್ಗಿಸಿದಳು, ಬಲ್ಬನ್ನು ತಟ್ಟಿದಳು. ಬೆಳಕು ಕದಲಲಿಲ್ಲ. ಹುಡುಗಿಯ ತುಟಿಯಂಚಿನಲ್ಲಿ ನಗು ಏಳುವುದನ್ನು ಕಂಡು ಅಕ್ಕ ಅವಳತ್ತ ಒಂದು ನೋಟ ಬಿಸಾಡಿದಳು. ಮುಖ್ಯಸ್ಥರ ಕಿವಿ ಕೆಂಪಾಗಿತ್ತು.

"ಹೌದು ಸರ್, ಮಿಣುಕುತ್ತೆ," ಎಂದಳು ಅಕ್ಕ. ದೀಪ ಆರಿಸಿ, ಸ್ಕ್ರೂಡ್ರೈವರ್ ಎತ್ತಿಕೊಂಡು ತಳವನ್ನು ಬಿಚ್ಚತೊಡಗಿದಳು. "ಒಳಗೆಲ್ಲೋ ಸಡಿಲ ಆಗಿರಬೇಕು. ಹೊತ್ತಾಗುತ್ತೆ. ಕೂತ್ಕೊಳ್ಳಿ."

ಗ್ರಾಫ್ ಮೇಷ್ಟ್ರು ಎದ್ದು ತನ್ನ ಜಾಗ ಬಿಟ್ಟುಕೊಟ್ಟ.