ಇಪ್ಪತ್ತೇಳನೇ ಮರದ ಸದ್ದು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮರದ ಮೇಸ್ತ್ರಿಯ ಮುಖವನ್ನು ಆ ತಿಂಗಳು ನೋಡಿದ್ದರೆ ನೀವೂ ಹೌದೆನ್ನುತ್ತಿದ್ದಿರಿ. ಊರೊಳಗೆ ಬರುವ ದೊಡ್ಡ ರಸ್ತೆಯ ಎರಡೂ ಬದಿಗೆ ನೂರ ಹದಿಮೂರು ಮರ. ಇಪ್ಪತ್ತೆಂಟು ವರ್ಷ ಅವುಗಳ ನೀರು, ಗೊಬ್ಬರ, ಸವರುವ ಕೆಲಸ ಎಲ್ಲ ಅವನದೇ. ಈಗ ಪುರಸಭೆಯವರು ಆ ಸಾಲನ್ನು ಕಾಪಾಡಲೇಬೇಕೆಂದು ಠರಾವು ಮಾಡಿ, ಉಸ್ತುವಾರಿಯ ಸಹಿಯಿಲ್ಲದೆ ಒಂದು ರೆಂಬೆಯನ್ನೂ ಮುಟ್ಟಕೂಡದೆಂದು ಕಟ್ಟಳೆ ಹೊರಡಿಸಿದರು. ಆ ಉಸ್ತುವಾರಿ ಕುರ್ಚಿ ಸಿಕ್ಕಿದ್ದು ಯಾರಿಗೆ? ಮೇಸ್ತ್ರಿಯ ಭಾಮೈದನಿಗೆ!

ಬೀದಿ ಸುತ್ತಿಕೊಂಡಿದ್ದವನನ್ನು ಕರೆತಂದು ಕೆಲಸಕ್ಕೆ ಹಚ್ಚಿದ್ದು ಇದೇ ಮೇಸ್ತ್ರಿ. ಮರದ ಸುತ್ತಿಗೆ, ಅಂದರೆ ಕೊಡತಿ, ಹಿಡಿಯಲು ಕಲಿಸಿದ್ದೂ ಅವನೇ. ಬುಡಕ್ಕೊಂದು, ಸೊಂಟದ ಎತ್ತರಕ್ಕೊಂದು, ಕೈಗೆಟುಕುವಷ್ಟು ಮೇಲೊಂದು, ಹೀಗೆ ಮೂರು ಪೆಟ್ಟು. ಕಾಂಡಕ್ಕೆ ಕಿವಿಯಿಟ್ಟು ಕೇಳಬೇಕು. ಠಣ್ ಎಂದರೆ ಗಟ್ಟಿ, ಬಿಳಿ ಪಟ್ಟೆ ಬಳಿ. ಡೊಬ್ ಎಂದರೆ ಪೊಳ್ಳು, ಕೆಂಪು ಗುರುತು ಹಾಕು, ಅದನ್ನು ಕಡಿದುಬಿಡು. ಹೀಗೆ ಕಲಿತವನು ಮೂರು ವರ್ಷದ ಹಿಂದೆ ಕಚೇರಿಗೆ ಬಂದ ಸೂಜಿಯಂತ್ರ ಹಿಡಿದ. ಮರದೊಳಗೆ ಉದ್ದನೆಯ ಸೂಜಿ ಇಳಿಸಿ, ಹೊರಬಂದ ಪುಡಿಯ ಬಣ್ಣ ನೋಡಿ ಹೇಳುವ ವಿದ್ಯೆ ಅದು. ಜನ ಅವನಿಗೆ ಸೂಜಿಯಪ್ಪ ಅಂತ ಹೆಸರಿಟ್ಟರು. ಗುರುವಿಗೇ ತಿರುಮಂತ್ರ ಹಾಕಿದ ಕಳ್ಳ, ಎಂದು ಮೇಸ್ತ್ರಿ ಹಲ್ಲು ಕಡಿದ.

"ಉರೀತಿದ್ರೆ ಉರೀತಿದೆ ಅಂತ ಬಾಯಿಬಿಟ್ಟು ಹೇಳ್ರೀ. ಮೂರು ದಿನದಿಂದ ಊಟದ ಜೊತೆ ಹಲ್ಲನ್ನೂ ಅಗೀತಿದ್ದೀರಿ," ಎಂದಳು ಹೆಂಡತಿ.

"ನನಗ್ಯಾಕೆ ಉರೀಬೇಕು? ನಿನ್ನ ತಮ್ಮ ದೊಡ್ಡ ಮನುಷ್ಯ ಆದ, ಸಂತೋಷ!" ಎಂದು ಮೇಸ್ತ್ರಿ ತಟ್ಟೆಯನ್ನು ದಡ್ ಎಂದು ಇಟ್ಟ. ಆ ಸದ್ದು ಹೆಂಡತಿಗೆ ಕೇಳಿದಷ್ಟು ಅವನಿಗೆ ಕೇಳಲಿಲ್ಲ. ಅದೊಂದು ಬೇರೆ ಸಂಕಟ. ಕಿವಿ ಮಂದವಾಗುತ್ತ ಬಂದಿತ್ತು, ಯಾರಿಗೂ ಹೇಳಿರಲಿಲ್ಲ.

ಬುಧವಾರ ಭಾಮೈದ ತಿರುವಿನಲ್ಲಿದ್ದ ಇಪ್ಪತ್ತೇಳನೇ ಮರಕ್ಕೆ ಕೆಂಪು ಗುರುತು ಹಾಕಿದ. ಅದು ಸಾಲಿನಲ್ಲೇ ದೊಡ್ಡ ಮರ. ಕೆಳಗೆ ಬಸ್ಸಿಗೆ ಕಾಯುವವರ ಬೆಂಚು. ಸುದ್ದಿ ತಿಳಿದದ್ದೇ ಜನ ಗುಂಪು ಕಟ್ಟಿದರು. ಪುರಸಭೆ ಅಧ್ಯಕ್ಷರೂ ಬಂದರು. "ಸೂಜಿ ಇಳಿಸಿ ನೋಡಿದೀನಿ ಸಾರ್, ಒಳಗೆ ಕೊಳೆತಿದೆ," ಎಂದ ಭಾಮೈದ.

ಮೇಸ್ತ್ರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಗುಂಪನ್ನು ಸೀಳಿಕೊಂಡು ಬಂದ. ಕೊಡತಿ ಎತ್ತಿ ಮೂರು ಪೆಟ್ಟು ಹಾಕಿ, ಕಾಂಡಕ್ಕೆ ಕಿವಿಯಿಟ್ಟ. ನಿಜ ಹೇಳಬೇಕೆಂದರೆ ಅವನಿಗೆ ಏನೂ ಕೇಳಲಿಲ್ಲ. ಆದರೂ ಎದೆಯುಬ್ಬಿಸಿ, "ಕಲ್ಲು ಇದ್ದ ಹಾಗಿದೆ! ಇನ್ನೂ ನಲವತ್ತು ವರ್ಷ ಅಲ್ಲಾಡಲ್ಲ," ಎಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಭಾಮೈದನ ಕಡೆ ತಿರುಗಿದರು. ಅವನು ಮೇಸ್ತ್ರಿಯ ಮುಖವನ್ನೇ ಒಂದು ಗಳಿಗೆ ನೋಡಿ, "ಶುಕ್ರವಾರದ ತನಕ ಟೈಮ್ ಕೊಡಿ ಸಾರ್, ಮತ್ತೊಂದು ಸಲ ನೋಡ್ತೀನಿ," ಎಂದಷ್ಟೇ ಹೇಳಿದ. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ಸಂಜೆ ಹೆಂಡತಿ ಹೊಲಿಗೆ ಅಂಗಡಿಯಿಂದ ಬಂದವಳೇ ಗೊಣಗಿದಳು. "ನನ್ನ ತಮ್ಮನಿಗೆ ತಲೆ ಕೆಟ್ಟಿದೆ. ನಾನು ದಿನಾ ಕೂರೋ ಬೆಂಚನ್ನ ಆಚೆ ಬದಿಗೆ ಬಿಸಿಲಿಗೆ ಎಳೆದು ಹಾಕಿದಾನೆ. ಮರದ ಸುತ್ತ ಹಗ್ಗ ಬೇರೆ!"

"ಸೋತವನ ಸಿಟ್ಟು ಕಣೇ. ಬೆಳಗ್ಗೆ ನಾನೇ ಎಳೆದು ವಾಪಸ್ ಹಾಕ್ತೀನಿ, ಊರೆಲ್ಲ ನೋಡ್ಲಿ," ಎಂದ ಮೇಸ್ತ್ರಿ.

ಶುಕ್ರವಾರ ಬೆಳಗ್ಗೆ ಬೆಂಚನ್ನು ದರದರ ಎಳೆದು, ಹಗ್ಗ ದಾಟಿಸಿ ಮರದ ಬುಡಕ್ಕೆ ತಂದ. ಉಸಿರು ಸುಧಾರಿಸಿಕೊಳ್ಳಲು ಕಾಂಡದ ಹಿಂಬದಿಗೆ ಕೈಯೂರಿದಾಗ ಬೆರಳಿಗೆ ಮೇಣದ ಬೊಟ್ಟು ತಾಕಿತು. ಬಗ್ಗಿ ನೋಡಿದ. ಮೇಣದಿಂದ ಮುಚ್ಚಿದ ಸೂಜಿಯ ತೂತು, ಪಕ್ಕದಲ್ಲಿ ಸಣ್ಣದಾಗಿ ತಾರೀಖು. ಅದರ ಕೆಳಗೆ ಹೋದ ವರ್ಷದ್ದೊಂದು, ಅದರ ಹಿಂದಿನ ವರ್ಷದ್ದೊಂದು. ಇಪ್ಪತ್ತಾರನೇ ಮರದ ಹಿಂದೆಯೂ ಹಾಗೇ. ಇಪ್ಪತ್ತೈದರದ್ದೂ ಹಾಗೇ. ತಾನು ವರ್ಷಕ್ಕೊಮ್ಮೆ ಕೊಡತಿ ಹಿಡಿದು ಸುತ್ತು ಹಾಕುತ್ತಿದ್ದ ದಿನಗಳು ಅವನಿಗೆ ಬಾಯಿಪಾಠ. ತೂತಿನ ಪಕ್ಕದ ಪ್ರತಿಯೊಂದು ತಾರೀಖೂ ಅಂಥ ಒಂದು ಸುತ್ತಿನ ಮರುದಿನದ್ದು.

ಅವನಿಗೆ ಮೂವತ್ತೆರಡನೇ ಮರ ನೆನಪಾಯಿತು, ಎಂಬತ್ತೆಂಟನೆಯದೂ. ಎರಡಕ್ಕೂ ಬಿಳಿ ಪಟ್ಟೆ ಬಳಿದವನು ತಾನೇ. ತಾನು ರಜೆಯಲ್ಲಿದ್ದಾಗ ಎರಡೂ ಉರುಳಿದ್ದವು. 'ಸಿಡಿಲು ಹೊಡೀತು ಭಾವ' ಎಂದಿದ್ದ ಈ ಸೂಜಿಯಪ್ಪ. ಯಾವ ಸಿಡಿಲು, ಯಾವ ಗುಡುಗು! ಪೊಳ್ಳೆಂದು ಸೂಜಿಯಲ್ಲಿ ಕಂಡು ಇವನೇ ಸದ್ದಿಲ್ಲದೆ ಕಡಿಸಿದ್ದ. ಮೇಸ್ತ್ರಿ ಅದೇ ಬೆಂಚಿನ ಮೇಲೆ ಕೂತುಬಿಟ್ಟ. ತನ್ನ ಹೆಂಡತಿ ದಿನಾ ಕೂರುವ ಜಾಗ ಅದು ಎಂದು ಹೊಳೆದದ್ದೇ ಕೆಂಡ ತುಳಿದವನಂತೆ ಎದ್ದ.

ಅಷ್ಟರಲ್ಲಿ ಭಾಮೈದ ಓಡಿ ಬಂದ. "ಭಾವ, ಅಲ್ಲಿಂದ ಈಚೆ ಬನ್ನಿ ಮೊದಲು!"

"ಯಾವಾಗಿಂದ ಗೊತ್ತೋ ನಿನಗೆ?"

"ಅಕ್ಕ ಮಾತಾಡಿದ್ರೆ ನೀವು ಅವಳ ಬಾಯಿ ನೋಡೋಕೆ ಶುರು ಮಾಡಿದ್ರಲ್ಲ, ಆವಾಗಿಂದ."

"ಮೊನ್ನೆ ಅಷ್ಟು ಜನರ ಮುಂದೆ ನನ್ನ ಮಾನ ತೆಗೀಬಹುದಿತ್ತು. ಯಾಕೆ ಸುಮ್ಮನಿದ್ದೆ?"

"ನಿಮ್ಮ ಹತ್ರ ಕಲಿತಿದ್ದು ಭಾವ. ಜನರ ಮುಂದೆ ಹೇಗೆ ಹೇಳ್ಲಿ? ಇವತ್ತು ಮನೆಗೇ ಬಂದು ಹೇಳೋಣ ಅಂತಿದ್ದೆ."

ಮೇಸ್ತ್ರಿಯ ಹೊಟ್ಟೆ ತಣ್ಣಗಾಯಿತೆಂದು ನೀವು ತಿಳಿದರೆ ಅದು ತಪ್ಪು. ಇನ್ನೂ ಜೋರಾಗಿ ಉರಿಯಿತು. ಹಾಳಾದವನು, ಕುರ್ಚಿ ಕಿತ್ತುಕೊಂಡದ್ದು ಸಾಲದು ಅಂತ ಒಳ್ಳೆಯತನದಲ್ಲೂ ನನ್ನನ್ನು ಮೀರಿಸಿದನಲ್ಲ! ಬೈಯುವುದಕ್ಕೂ ಒಂದು ತಪ್ಪು ಉಳಿಸಿಲ್ಲವಲ್ಲ! ಅವನಿಗೆ ಕಣ್ಣು ತುಂಬಿ ಬಂತು. ಇಬ್ಬರೂ ಸೇರಿ ಬೆಂಚನ್ನು ಆಚೆ ಬದಿಗೆ ಹೊತ್ತರು.

ಹತ್ತು ಗಂಟೆಗೆ ಅಧ್ಯಕ್ಷರೂ ಜನರೂ ಬಂದರು. ಭಾಮೈದ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಕೆಂಪು ಬಣ್ಣದ ಡಬ್ಬಿ ಎತ್ತಿಕೊಂಡ. "ನಾನು ಮೊನ್ನೆ ಹೇಳಿದ್ದು ಸುಳ್ಳು. ನನಗೆ ಮರದ ಸದ್ದು ಕೇಳಿಸಲ್ಲ. ಮೂರು ವರ್ಷ ಆಯ್ತು," ಎಂದು ಹೇಳಿ, ಇದ್ದ ಗುರುತಿನ ಮೇಲೆ ಮತ್ತೊಂದು ಬಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಧ್ಯಾಹ್ನ ಮರ ಉರುಳಿತು. ಬುಡದ ಪೊಳ್ಳಿನೊಳಗೆ ಮೇಸ್ತ್ರಿ ಕೈ ಹಾಕಿದರೆ ಭುಜದ ತನಕ ಹೋಯಿತು. ಒದ್ದೆ ಪುಡಿ ಮೆತ್ತಿದ ಕೈಯನ್ನು ಒರೆಸಿಕೊಂಡು, ಕೊಡತಿಯನ್ನು ಭಾಮೈದನತ್ತ ಚಾಚಿದ.

"ನನಗೆ ಸೂಜಿ ಇದೆಯಲ್ಲ ಭಾವ."

"ಸೂಜಿ ಗಟ್ಟಿ ಮರಕ್ಕೂ ತೂತು ಹಾಕುತ್ತೆ ಕಣೋ. ಅನುಮಾನ ಬಂದಿದ್ದಕ್ಕೆ ಮಾತ್ರ ಸೂಜಿ, ಉಳಿದದ್ದಕ್ಕೆ ಕೊಡತಿ. ಹೊಡಿ."

ಭಾಮೈದ ಇಪ್ಪತ್ತೆಂಟನೇ ಮರಕ್ಕೆ ಮೂರು ಪೆಟ್ಟು ಹಾಕಿ ಕಿವಿಯಿಟ್ಟ. ಮೇಸ್ತ್ರಿ ಅವನ ಮುಖವನ್ನೇ ನೋಡುತ್ತ ನಿಂತ. ಆ ಎರಡು ಕಿವಿಗಳ ಮೇಲೆ ಅವನಿಗಿದ್ದ ಹೊಟ್ಟೆಕಿಚ್ಚು ಆಗಲೂ ಆರಿರಲಿಲ್ಲ. ಭಾಮೈದನ ಹುಬ್ಬಿನ ಗಂಟು ಮೆಲ್ಲಗೆ ಸಡಿಲವಾಯಿತು.

"ಗಟ್ಟಿ," ಎಂದ ಮೇಸ್ತ್ರಿ, ಅವನು ಹೇಳುವ ಮೊದಲೇ, ಮತ್ತು ಬಿಳಿ ಬಣ್ಣಕ್ಕೆ ಕೈಚಾಚಿದ.